ಹಳ್ಳದ ತಲೆಯಲ್ಲಿ ಅಡಿಕೆ ನೆಟ್ಟವನ ಪತ್ರ

ಶಿವಮೊಗ್ಗದ ಜಿಲ್ಲಾಧಿಕಾರಿಗಳಿಗೆ,
ಪ್ರತಿ: ನಮ್ಮ ಊರಿನವರಿಗೆ

ಮಾನ್ಯರೇ,

ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ. ಎರಡೂವರೆ ಎಕರೆ ತೋಟ, ಒಂದಿಷ್ಟು ಗದ್ದೆ, ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ, ಕೊಟ್ಟಿಗೆಯಲ್ಲಿ ಎರಡು ದನ. ಇಷ್ಟು ವರ್ಷ ನಿಮ್ಮ ಕಚೇರಿಗೆ ನಾನು ಬರೆದಿದ್ದೆಲ್ಲ ಅರ್ಜಿಗಳೇ. ಪೋಡಿ ಮಾಡಿಸಿಕೊಡಿ, ಕೊಳೆ ರೋಗದ ಪರಿಹಾರ ಕೊಡಿ, ರಸ್ತೆಗೆ ಮೋರಿ ಹಾಕಿಸಿ, ಹೀಗೆ. ಈ ಪತ್ರದಲ್ಲೂ ಒಂದು ಕೇಳಿಕೆ ಇದೆ. ಆದರೆ ಅದಕ್ಕೆ ಮೊದಲು ನಾನು ಮಾಡಿದ ಒಂದು ಕೆಲಸ ಹೇಳಬೇಕು. ಅದನ್ನು ಮುಚ್ಚಿಟ್ಟುಕೊಂಡು ನಿಮ್ಮ ಮೇಲೆ ಕೂಗಾಡುವುದು ಸುಲಭ. ಹದಿನೈದು ವರ್ಷ ಅದನ್ನೇ ಮಾಡಿದ್ದೇನೆ.

ಕಳೆದ ತಿಂಗಳು ನಮ್ಮ ಕಡೆಯ ಹೈಸ್ಕೂಲೊಂದರಲ್ಲಿ ಚರ್ಚಾಸ್ಪರ್ಧೆ ಇತ್ತು. ವಿಷಯ ‘ಮನುಷ್ಯ ಪ್ರಕೃತಿಯ ಜೊತೆ ಹೊಂದಿಕೊಂಡು ಬಾಳಲು ಕಲಿಯಬಲ್ಲನೇ?’ ಪೇಪರಿಗೆ ಆಗೀಗ ಪತ್ರ ಬರೆಯುತ್ತೇನೆ ಅನ್ನುವ ಕಾರಣಕ್ಕೆ ನನ್ನನ್ನು ತೀರ್ಪುಗಾರನಾಗಿ ಕೂರಿಸಿದ್ದರು. ಪರವಾಗಿ ಮಾತಾಡಿದ ಹುಡುಗ ಚೆನ್ನಾಗಿ ಮಾತಾಡಿದ. ಕೈ ಎತ್ತುವ ಕಡೆ ಕೈ ಎತ್ತಿದ, ದನಿ ಏರಿಸುವ ಕಡೆ ಏರಿಸಿದ. ವೃಕ್ಷೋ ರಕ್ಷತಿ ರಕ್ಷಿತಃ ಬಂತು. ಚಪ್ಪಾಳೆಯೂ ಬಂತು.

ಆಮೇಲೆ ವಿರೋಧವಾಗಿ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಎದ್ದಳು. ಅವಳು ಹೇಳಿದ್ದು ಹೆಚ್ಚುಕಡಿಮೆ ಇಷ್ಟು. ‘ನಮ್ಮನೆಗೆ ಅಬ್ಬಿ ನೀರು ಬರ್ತಿತ್ತು. ನಾನು ಮೂರನೇ ಕ್ಲಾಸಲ್ಲಿದ್ದಾಗ ಯುಗಾದಿ ಕಳೆದ್ರೂ ಬರ್ತಿತ್ತು. ಈಗ ಶಿವರಾತ್ರಿಗೇ ನಿಲ್ಲುತ್ತೆ. ಮೇಲೆ ಯಾರೋ ತೋಟ ಮಾಡಿದ್ದಾರೆ. ಅಪ್ಪ ಬೋರ್ ಹೊಡೆಸಿದ್ರು. ಈಗ ನಮ್ಮ ಕೆಳಗಿನ ಮನೆಯವರ ಬಾವಿ ಬತ್ತಿದೆ. ನಮ್ಮಪ್ಪ ಒಳ್ಳೆಯವರು. ಮೇಲಿನ ತೋಟದವರೂ ಒಳ್ಳೆಯವರೇ ಇರಬಹುದು. ಅದಕ್ಕೇ ಆಗಲ್ಲ ಅಂತೀನಿ.’ ಇನ್ನೂ ಒಂದೂವರೆ ನಿಮಿಷ ಬಾಕಿ ಇತ್ತು. ಅಷ್ಟಕ್ಕೇ ಕೂತುಬಿಟ್ಟಳು.

ನಾನು ಅವಳಿಗೆ ‘ವಿಷಯ ಮಂಡನೆ: ಸಾಧಾರಣ’ ಅಂತ ಬರೆದೆ. ಹುಡುಗನಿಗೆ ಮೊದಲ ಬಹುಮಾನ ಹೋಯಿತು. ಅವಳ ಊರು ಯಾವುದು ಅಂತ ನಾನು ಯಾರನ್ನೂ ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ ಅನ್ನುವುದೇ ಸರಿ.

ಅಬ್ಬಿ ಅಂದರೆ ಏನು ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ನೀವು ಬಯಲುಸೀಮೆಯ ಕಡೆಯವರಾಗಿದ್ದರೆ ಹೇಳಿಬಿಡುತ್ತೇನೆ. ಮನೆಯ ಮೇಲಿನ ಗುಡ್ಡದಲ್ಲಿ ಎಲ್ಲೋ ಒಂದು ಒರತೆ ಇರುತ್ತದೆ. ಅಲ್ಲಿಂದ ಅಡಿಕೆ ಮರ ಸೀಳಿ ತಿರುಳು ತೆಗೆದ ದಂಬೆಗಳನ್ನು ಒಂದಕ್ಕೊಂದು ಜೋಡಿಸಿ ಮನೆಯ ಹಿತ್ತಿಲಿಗೆ ನೀರು ತರುತ್ತಿದ್ದರು. ಈಗ ದಂಬೆ ಹೋಗಿ ಕರಿ ಪೈಪು ಬಂದಿದೆ. ಕರೆಂಟು ಬೇಡ, ಮೋಟರು ಬೇಡ, ಬಿಲ್ಲು ಬೇಡ. ಹಗಲೂ ರಾತ್ರಿ ಬಚ್ಚಲಿನ ಪಕ್ಕ ಸಣ್ಣಗೆ ಸುರಿಯುತ್ತಲೇ ಇರುತ್ತದೆ. ಚಿಕ್ಕಂದಿನಲ್ಲಿ ನಮಗೆ ಆ ಸದ್ದು ಕೇಳುತ್ತಲೇ ಇರಲಿಲ್ಲ. ನಿಂತ ದಿನ ಮಾತ್ರ ಕೇಳಿಸಿತು.

ಈಗ ನಾನು ಮಾಡಿದ ಕೆಲಸ.

ನಮ್ಮ ಬೆಟ್ಟದ ಮೇಲ್ಭಾಗದಲ್ಲಿ ಎರಡು ಗುಡ್ಡ ಕೂಡುವ ಕಡೆ ಒಂದು ಕೊರಕಲು ಇತ್ತು. ವಾಟೆ, ಕೇದಿಗೆ, ನಡುನಡುವೆ ರಾಮಪತ್ರೆ ಮರ. ನೆಲ ಕಪ್ಪಗೆ, ಮೇ ತಿಂಗಳಲ್ಲೂ ಕಾಲಿಟ್ಟರೆ ಹಿಮ್ಮಡಿ ಹೂತುಹೋಗುತ್ತಿತ್ತು. ಬುಡದಲ್ಲೆಲ್ಲ ಏಡಿ ಬಿಲ. ನನ್ನ ಅಮ್ಮ ಪತ್ರೊಡೆಗೆ ಕೆಸುವಿನ ಎಲೆ ಅಲ್ಲಿಂದಲೇ ತರುತ್ತಿದ್ದಳು. ನೋಡಿದರೆ ಉಪಯೋಗಕ್ಕೆ ಬಾರದ ಜೌಗು. ಆದರೆ ನಮ್ಮ ಹಳ್ಳದ ತಲೆ, ಅಂದರೆ ಹಳ್ಳ ಹುಟ್ಟುವ ಜಾಗ, ಇದ್ದಿದ್ದೇ ಅಲ್ಲಿ.

2010ರಲ್ಲಿ ಅಲ್ಲಿ ಜೆಸಿಬಿ ಇಳಿಸಿದೆ. 20 ಗುಂಟೆ. ಅಡಿಕೆಗೆ ಧಾರಣೆ ಇತ್ತು, ಮಗಳ ಓದಿನ ಖರ್ಚಿತ್ತು, ಪಕ್ಕದವರೆಲ್ಲ ಮಾಡುತ್ತಿದ್ದರು. ಈ ಮೂರರಲ್ಲಿ ನಿಜವಾದ ಕಾರಣ ಯಾವುದು ಅಂದರೆ ಮೂರನೆಯದು. ಜೆಸಿಬಿಯ ಹುಡುಗ ಕೆಲಸ ಗೊತ್ತಿದ್ದವನು. ‘ಮೊದಲು ಒಂದು ಬಸಿಗಾಲುವೆ ಹೊಡೆದುಬಿಡೋಣ ಸಾರ್, ಎಂಟು ದಿನಕ್ಕೆ ಒಣಗುತ್ತೆ’ ಅಂದ. ಎಂಟು ದಿನ ಬೇಕಾಗಲಿಲ್ಲ, ಆರನೇ ದಿನಕ್ಕೇ ಒಣಗಿತು. ಆಗ ನನಗೆ ಅದು ಕೆಲಸ ಬೇಗ ಆಯಿತಲ್ಲ ಅಂತ ಖುಷಿ. ಆ ಜೌಗು ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯವರೆಗೆ ತೊಟ್ಟು ತೊಟ್ಟಾಗಿ ಬಿಡುತ್ತಿತ್ತು. ಆರು ತಿಂಗಳು ಬಿಡುವುದನ್ನು ನಾನು ಆರು ದಿನದಲ್ಲಿ ಬಿಡಿಸಿದ್ದೆ. ಇದು ತಲೆಗೆ ಹೋಗಲು ಎಷ್ಟೋ ವರ್ಷ ಬೇಕಾಯಿತು.

ಮರ ಸಿಂಗಾರ ಬಿಟ್ಟವು, ಫಸಲು ಬಂತು. ಕೆಳಗಿನ ಮನೆಯವರ ಅಬ್ಬಿ ಸಣ್ಣಗಾಗುತ್ತಾ ಬಂತು. 2019ರ ಆಗಸ್ಟ್‌ನ ಮಳೆ ನಿಮಗೆ ನೆನಪಿರಬಹುದು. ಒಂದು ರಾತ್ರಿ ನಾನು ತುಂಬಿಸಿದ ಮಣ್ಣು ಜಾರಿ, ಅವರ ನಾಟಿ ಮಾಡಿದ ಗದ್ದೆಯ ಎರಡು ಮಡಿ ಮುಚ್ಚಿಹೋಯಿತು. ಬೆಳಿಗ್ಗೆ ಹೋಗಿ ನೋಡಿದರೆ ಕೆಸರಿನ ಮೇಲೆ ನನ್ನ ನಾಲ್ಕು ಅಡಿಕೆ ಮರ ಬೇರು ಸಮೇತ ಮಲಗಿದ್ದವು. ಅವರು ನನಗೆ ಏನೂ ಅನ್ನಲಿಲ್ಲ. ಕಾಫಿ ಕೊಟ್ಟರು. ಇಬ್ಬರೂ ಸೇರಿ ಪರಿಹಾರಕ್ಕೆ ಅರ್ಜಿ ಬರೆದೆವು. ಕಾರಣದ ಜಾಗದಲ್ಲಿ ‘ಪ್ರಕೃತಿ ವಿಕೋಪ’ ಅಂತ ಬರೆದಿದ್ದು ನನ್ನ ಅಕ್ಷರವೇ.

ಹಾಗಾಗಿ ಆ ಹುಡುಗಿ ‘ಮೇಲಿನ ತೋಟದವರೂ ಒಳ್ಳೆಯವರೇ ಇರಬಹುದು’ ಅಂದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನಮ್ಮ ಕಡೆ ಒಂದು ಮಾತು ಆಗಾಗ ಕೇಳುತ್ತೀರಿ. ನಮ್ಮ ಹಿರಿಯರು ಕಾಡಿನ ಜೊತೆ ಹೊಂದಿಕೊಂಡು ಬದುಕಿದ್ದರು, ನಾವು ಕೆಟ್ಟೆವು ಅಂತ. ನನಗೆ ಅದು ಅರ್ಧ ನಿಜ. ಹಿರಿಯರು ನಮಗಿಂತ ಒಳ್ಳೆಯವರೇನಲ್ಲ. ಅವರ ಕೋವಿಯೂ ಸುಮ್ಮನೆ ಗೋಡೆಯಲ್ಲಿ ತೂಗಾಡುತ್ತಿರಲಿಲ್ಲ. ಆದರೆ ಅವರಿಗೆ ಬೆಟ್ಟ ಬೇಕಿತ್ತು. ಸೊಪ್ಪಿನ ಬೆಟ್ಟದ ಲೆಕ್ಕ ಹೀಗಿತ್ತು. ಬೆಟ್ಟದಿಂದ ಸೊಪ್ಪು, ದರಗು (ಉದುರಿದ ಒಣ ಎಲೆ) ಕೊಟ್ಟಿಗೆಗೆ. ಕೊಟ್ಟಿಗೆಯಲ್ಲಿ ದನ ತುಳಿದಿದ್ದು ಗೊಬ್ಬರದ ಗುಂಡಿಗೆ. ಗುಂಡಿಯಿಂದ ತೋಟಕ್ಕೆ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅಂತ ಬ್ರಿಟಿಷರ ಕಾಲದಲ್ಲೇ ಲೆಕ್ಕ ಹಾಕಿದ್ದರು. ಮತ್ತಿ, ನಂದಿ, ಹೊನ್ನೆ ಮರದ ಅಡ್ಡ ಕೊಂಬೆ ಕಡಿಯಬಹುದು, ತಲೆ ಕಡಿಯುವ ಹಾಗಿಲ್ಲ. ಈ ವರ್ಷ ಕಡಿದ ಕಡೆ ಮುಂದಿನ ವರ್ಷ ಕತ್ತಿ ಹಾಕುವ ಹಾಗಿಲ್ಲ. ಅಜ್ಜ ಇದನ್ನು ಪ್ರಕೃತಿ ಪ್ರೇಮ ಅಂತ ಯಾವತ್ತೂ ಕರೆದವನಲ್ಲ. ಮರ ಸತ್ತರೆ ಸೊಪ್ಪಿಲ್ಲ, ಸೊಪ್ಪಿಲ್ಲದಿದ್ದರೆ ಗೊಬ್ಬರ ಇಲ್ಲ, ಅಷ್ಟೇ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ನಮ್ಮವರಿಗೆ ಇಷ್ಟವಾಗದಿದ್ದರೂ. ಈ ಬೆಟ್ಟದ ಹಕ್ಕು ತೋಟ ಇದ್ದವರಿಗೆ ಮಾತ್ರ ಇತ್ತು. ಸೊಪ್ಪು ಕಡಿದು ಹೊರೆ ಹೊತ್ತವರ ಹೆಸರಲ್ಲಿ ಒಂದು ಗುಂಟೆಯೂ ಇರಲಿಲ್ಲ. ಗೇಣಿದಾರರು 1951ರಲ್ಲಿ ಕಾಗೋಡಿನಲ್ಲಿ ಭೂಮಾಲೀಕರ ವಿರುದ್ಧ ಎದ್ದು ನಿಂತ ಜಿಲ್ಲೆ ಇದು. ಹಳೆಯ ಕಾಲಕ್ಕೆ ವಾಪಸ್ ಹೋಗೋಣ ಅನ್ನುವವರು ಯಾರ ಹಳೆಯ ಕಾಲ ಅಂತಲೂ ಹೇಳಬೇಕು, ಅಲ್ವಾ?

ಆಮೇಲೆ ಏನಾಯಿತು? ದನ ಕಡಿಮೆಯಾದವು. ಸೊಪ್ಪು ಕಡಿಯಲು ಆಳು ಸಿಗಲಿಲ್ಲ. ಗೊಬ್ಬರ ಚೀಲದಲ್ಲಿ ಬಂತು. ನಮ್ಮ ಮನೆಯ ಕೊಟ್ಟಿಗೆಯಲ್ಲಿ ಒಂದು ಕಾಲಕ್ಕೆ ಹದಿನಾಲ್ಕು ದನ ಇದ್ದವು. ಅವು ಎರಡಕ್ಕೆ ಇಳಿಯುವ ಹೊತ್ತಿಗೆ ನಾವು ಬೆಟ್ಟವನ್ನು ಬೆಟ್ಟ ಅನ್ನುವುದನ್ನೂ ಬಿಟ್ಟಿದ್ದೆವು. ‘ಮೇಲೆ ನಮ್ಮ ಜಾಗ ಇದೆ’ ಅನ್ನಲು ಶುರು ಮಾಡಿದ್ದೆವು. ಜಾಗ ಅಂದಮೇಲೆ ಸುಮ್ನೆ ಬಿಡುವುದು ಹೇಗೆ?

ನಾವು ಕಲಿಯುವುದೇ ಇಲ್ಲ ಅಂತಲ್ಲ. ಕಲಿಯುವುದರಲ್ಲಿ ಮಲೆನಾಡಿನವರು ಚುರುಕು. ಕೊಳೆ ರೋಗವನ್ನೇ ನೋಡಿ. ಹಿಂದೆ ಅಡಿಕೆ ಕೊನೆಗಳಿಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುತ್ತಿದ್ದರು. ನೂರು ವರ್ಷದ ಹಿಂದೆ ಮೈಸೂರು ಸರಕಾರದಲ್ಲಿದ್ದ ಲೆಸ್ಲಿ ಕೋಲ್ಮನ್ ಅನ್ನುವ ಕೆನಡಾದ ವಿಜ್ಞಾನಿ ಆ ರೋಗ ಅಧ್ಯಯನ ಮಾಡಿ ಬೋರ್ಡೋ ದ್ರಾವಣ ಹೊಡೆಯಿರಿ ಅಂದರು. ಮೈಲುತುತ್ತ, ಸುಣ್ಣ, ನೀರು. ಈಗ ಮಳೆಗಾಲ ಶುರುವಾಗುವ ಮೊದಲು ಆ ಔಷಧಿ ಹೊಡೆಯದ ತೋಟ ಹುಡುಕಬೇಕು. ಮರ ಹತ್ತುವ ಕೊನೆಗೌಡರು ಸಿಗದೇ ಹೋದಾಗ ನೆಲದ ಮೇಲೆ ನಿಂತು ದೋಟಿಯಲ್ಲಿ ಹೊಡೆಯುವುದನ್ನೂ ಕಲಿತೆವು. ಬೋರ್ ಕಲಿತೆವು, ಡ್ರಿಪ್ ಕಲಿತೆವು. ಈಗ ಎಲೆಚುಕ್ಕೆ ರೋಗಕ್ಕೆ ಏನು ಅಂತ ಮೊಬೈಲಿನಲ್ಲೇ ಪಾಠ ನಡೆಯುತ್ತಿದೆ. ಈ ವರ್ಷ ಮಾಡಿದ್ದು ಮುಂದಿನ ವರ್ಷ ನಮ್ಮ ಅಂಗಳದಲ್ಲೇ ಕಾಣುವ ಹಾಗಿದ್ದರೆ ನಮಗೆ ಯಾರೂ ಭಾಷಣ ಮಾಡಬೇಕಿಲ್ಲ. ಹಳ್ಳದ ತಲೆಯ ಲೆಕ್ಕ ಹಾಗಲ್ಲ. ಅದು ಎಷ್ಟೋ ವರ್ಷ ಬಿಟ್ಟು ಬರುತ್ತದೆ. ಬರುವುದೂ ನನ್ನ ಅಂಗಳಕ್ಕಲ್ಲ, ಕೆಳಗಿನವರ ಅಂಗಳಕ್ಕೆ. ಲಾಭದ ಪಾವತಿ ನನಗೆ, ಖರ್ಚಿನ ಚೀಟಿ ಅವರಿಗೆ. ಹೀಗಿದ್ದಾಗ ಒಳ್ಳೆಯ ಮನುಷ್ಯನೂ ಕಲಿಯುವುದಿಲ್ಲ. ಹುಡುಗಿ ಹೇಳಿದ್ದು ಅದನ್ನೇ.

ಆದರೆ ಅವಳ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನನ್ನ ಅಮ್ಮನಿಗೆ ಹಾವು ಅಂದರೆ ದೊಣ್ಣೆ. ನಾಗರಹಾವನ್ನು ಬಿಟ್ಟು. ಅದಕ್ಕೆ ಕೈ ಮುಗಿದು ದೊಣ್ಣೆ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ಕೆಲವು ವರ್ಷಗಳ ಹಿಂದೆ ನಮ್ಮ ಕಟ್ಟಿಗೆ ಕೊಟ್ಟಿಗೆಯಲ್ಲಿ ಕಾಳಿಂಗ ಸೇರಿಕೊಂಡಿತು. ಹನ್ನೊಂದು ಹನ್ನೆರಡು ಅಡಿ. ಸೌದೆ ತರಲು ಹೋದ ಅಮ್ಮ ಅದರ ಎದುರಿಗೇ ನಿಂತಿದ್ದಾಳೆ. ಕೂಗಲಿಲ್ಲ. ಹಿಂದೆ ಹಿಂದೆ ಬಂದು, ಬಾಗಿಲು ಎಳೆದು, ‘ಆ ಹಾವು ಹಿಡಿಯೋ ಹುಡುಗನಿಗೆ ಫೋನ್ ಮಾಡು, ಹೊಡಿಯೋದು ಬೇಡ, ಅದು ಬೇರೆ ಹಾವು ತಿನ್ನುತ್ತಂತೆ’ ಅಂದಳು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಎಪ್ಪತ್ತೆರಡು ವರ್ಷದ ಹೆಂಗಸು ಇದನ್ನು ಕಲಿತಿದ್ದು ಯಾವಾಗ?

ಕಲಿತಿದ್ದು ಪಕ್ಕದ ಮನೆಯ ಅಂಗಳದಲ್ಲಿ. ಅಲ್ಲಿಗೆ ಹಿಂದೊಮ್ಮೆ ಹಾವು ಹಿಡಿಯಲು ಬಂದವರು, ಹಿಡಿದು ಸುಮ್ಮನೆ ಹೋಗಿರಲಿಲ್ಲ. ಸೇರಿದವರನ್ನೆಲ್ಲ ಕೂರಿಸಿ ಇದು ಏನು ತಿನ್ನುತ್ತದೆ, ಗೂಡು ಹೇಗೆ ಕಟ್ಟುತ್ತದೆ, ಯಾವ ತಿಂಗಳು ಮನೆಯ ಹತ್ತಿರ ಬರುತ್ತದೆ ಅಂತ ಹೇಳಿದ್ದರು. ಆಗುಂಬೆಯಲ್ಲಿ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರುವಾದ ಮೇಲೆ ಈ ಕೆಲಸ ಊರೂರಿಗೆ ಹಬ್ಬಿತು. 2024ರಲ್ಲಿ ವಿಜ್ಞಾನಿಗಳು ನಮ್ಮ ಪಶ್ಚಿಮಘಟ್ಟದ ಕಾಳಿಂಗ ಬೇರೆಯೇ ಜಾತಿ ಅಂತ ಹೇಳಿ, ಅದಕ್ಕೆ ಓಫಿಯೋಫೇಗಸ್ ಕಾಳಿಂಗ ಅಂತ ಹೆಸರಿಟ್ಟರು. ಕನ್ನಡದ ಹೆಸರೇ ಲೋಕದ ಹೆಸರಾಯಿತು. ಅಮ್ಮನಿಗೆ ಹೇಳಿದೆ. ‘ಮತ್ತೆ? ನಾವು ಕರೆಯೋದೂ ಅದನ್ನೇ ಅಲ್ವಾ’ ಅಂದಳು.

ಇಲ್ಲಿ ಕೆಲಸ ಮಾಡಿದ್ದು ಏನು? ವನ್ಯಜೀವಿ ಕಾಯ್ದೆ ಇತ್ತು, 1972ರಿಂದ ಇತ್ತು. ಕಾಯ್ದೆ ಇದ್ದಾಗಲೂ ಅಮ್ಮ ದೊಣ್ಣೆ ಹಿಡಿದಿದ್ದಳು. ಫೋನ್ ಮಾಡಿದರೆ ಒಬ್ಬರು ಬರುತ್ತಾರೆ, ರಾತ್ರಿಯಾದರೂ ಬರುತ್ತಾರೆ, ಬಂದು ನಮ್ಮನ್ನು ಬೈಯುವುದಿಲ್ಲ ಅಂತ ಗೊತ್ತಾದ ದಿನ ದೊಣ್ಣೆ ಬಿಟ್ಟಳು.

ಈಗ ನಿಮ್ಮ ಕಡೆಗೆ ಬರುತ್ತೇನೆ.

ನಮ್ಮ ಬೆಟ್ಟಕ್ಕೆ ಏನಾದರೂ ಆದಾಗ ಫೋನ್ ಮಾಡಿದರೆ ಯಾರು ಬರುತ್ತಾರೆ? ರಾತ್ರಿ ಮರ ಸಾಗಿಸುವ ಗಾಡಿ ಬಂತು ಅಂತ ಒಮ್ಮೆ ಫೋನ್ ಮಾಡಿದ್ದೆ. ‘ಅದು ನಮ್ಮ ಗಡಿಗೆ ಬರಲ್ಲ’ ಅಂದರು. ಗಡಿಯ ಆಚೆಯವರಿಗೆ ಮಾಡಿದರೆ ‘ಅದು ಬೆಟ್ಟ, ಕಂದಾಯದವರನ್ನು ಕೇಳಿ’ ಅಂದರು. ಕಂದಾಯದವರು ‘ಅದರಲ್ಲಿರೋ ಮರ ಅರಣ್ಯದವರದ್ದು’ ಅಂದರು. ಅಷ್ಟರಲ್ಲಿ ಗಾಡಿ ಘಟ್ಟ ಇಳಿದಿತ್ತು. ಅದೇ ಬೆಟ್ಟದಲ್ಲಿ ನಾನು ಬಿದ್ದ ಮರದ ಕೊಂಬೆ ತಂದ ದಿನ ಮಾತ್ರ ಎಲ್ಲರಿಗೂ ಗಡಿ ಗೊತ್ತಿತ್ತು.

ಗುಡ್ಡದ ನೆತ್ತಿಯ ಕಥೆ ಇನ್ನೊಂದು. ಭದ್ರಾವತಿಯ ಕಾಗದ ಕಾರ್ಖಾನೆಗೆ ಅಂತ ಜಿಲ್ಲೆಯ ಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ಬೆಳೆಸಿದರು. ಕಾರ್ಖಾನೆ ನಿಂತು ವರ್ಷಗಳೇ ಆದವು. ಪ್ಲಾಂಟೇಶನ್ ಮಾತ್ರ ನಿಂತಿಲ್ಲ. ಆಸ್ಟ್ರೇಲಿಯಾ ಕಡೆಯಿಂದ ಬಂದ ಆ ಮರದ ಎಲೆ ದನ ತಿನ್ನುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಕಾಡು ಇದೆ ಅಂತ ನಕ್ಷೆಯಲ್ಲಿ ಹಸಿರು ಬಣ್ಣ ಇರುತ್ತದೆ. ಒಳಗೆ ಹೋದರೆ ಮಂಗನಿಗೆ ತಿನ್ನಲು ಒಂದು ಹಣ್ಣಿಲ್ಲ. ಆಮೇಲೆ ಮಂಗ ನಮ್ಮ ಬಾಳೆ, ಏಲಕ್ಕಿ, ಎಳೆ ಅಡಿಕೆಗೆ ಬಂದರೆ ಅದಕ್ಕೆ ಮಂಗನ ಹಾವಳಿ ಅಂತ ಹೆಸರು.

ಮಂಗ ಅಂದಕೂಡಲೇ ನಮ್ಮ ಜಿಲ್ಲೆಗೆ ಇನ್ನೊಂದು ನೆನಪಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಬೆನ್ನಿಗೇ ಜನರಿಗೂ ಜ್ವರ ಬಂತು. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ನಮ್ಮ ಒಂದು ಹಳ್ಳಿಯ ಹೆಸರು ಇರುವುದು ಆ ಕಾಯಿಲೆಯಿಂದ. ನಾವು ಮಂಗನ ಕಾಯಿಲೆ ಅನ್ನುತ್ತೇವೆ, ಕಾಡಿನ ಉಣುಗು ಕಚ್ಚಿ ಬರುವ ರೋಗ. 2019ರ ಸುಮಾರಿಗೆ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಎಷ್ಟೋ ಮನೆಗಳಲ್ಲಿ ಸಾವಾಯಿತು. ದರಗು ತರಲು ಹೋಗುವವರಿಗೆ ಮೈಗೆ ಹಚ್ಚಲು ಎಣ್ಣೆ ಕೊಡುತ್ತಾರೆ, ಅದು ಬೇಕು, ನಿಲ್ಲಿಸಬೇಡಿ. ಆದರೆ ಕಾಡನ್ನು ತುಂಡು ತುಂಡು ಮಾಡಿದಷ್ಟೂ ಅದರ ಅಂಚು ಜಾಸ್ತಿಯಾಗುತ್ತದೆ. ದನ, ಮಂಗ, ಮನುಷ್ಯ, ಉಣುಗು ನಾಲ್ಕೂ ಸೇರುವುದು ಆ ಅಂಚಿನಲ್ಲೇ. ನನ್ನ 20 ಗುಂಟೆಯೂ ಅಂಥದ್ದೊಂದು ಅಂಚು.

ನಮ್ಮವರಿಗೆ ‘ಪರಿಸರ’ ಅನ್ನುವ ಮಾತು ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ಅದಕ್ಕೆ ಕಾರಣ ನೀರಿನಡಿ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಊರಿಗೂರೇ ಮುಳುಗಿದವು. ಶರಾವತಿಯ ಕರೆಂಟಿನಿಂದ ಬೆಂಗಳೂರಿನ ದೀಪ ಹತ್ತಿತು. ಮುಳುಗಿದವರನ್ನು ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದರು. ಆರು ದಶಕ ಕಳೆದರೂ ಅವರಲ್ಲಿ ಎಷ್ಟೋ ಕುಟುಂಬಗಳ ಕೈಯಲ್ಲಿ ಹಕ್ಕುಪತ್ರ ಇಲ್ಲ. ಸರಕಾರವೇ ತಂದು ಬಿಟ್ಟ ಜಾಗದಲ್ಲಿ ಅವರು ಒತ್ತುವರಿದಾರರು. ಅವರ ಮಕ್ಕಳಿಗೆ ನೀವು ಕಾಡು ಉಳಿಸಿ ಅಂದರೆ ಅವರ ಕಿವಿಗೆ ಕೇಳುವುದು ‘ಎದ್ದೇಳಿ’ ಅಂತ. 2019ರಲ್ಲಿ ಸಿಂಗಳೀಕಗಳಿಗಾಗಿ ಶರಾವತಿ ಕಣಿವೆಯಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಒಳ್ಳೆಯದೇ. ಅದೇ ಕಣಿವೆಯಲ್ಲಿ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ ಮತ್ತೆ ಇಳಿಸುವ 2,000 ಮೆಗಾವ್ಯಾಟ್‌ನ ಯೋಜನೆಗೂ ಸಿದ್ಧತೆ ನಡೆಯಿತು. ಎತ್ತಲು ಬೇಕಾಗುವ ಕರೆಂಟು, ಇಳಿಸಿದಾಗ ಸಿಗುವುದಕ್ಕಿಂತ ಜಾಸ್ತಿ. ಸಂಜೆಯ ಹೊತ್ತಿನ ಬೇಡಿಕೆಗೆ ಇದು ಬೇಕು ಅನ್ನುತ್ತಾರೆ, ಇರಬಹುದು. ಆದರೆ ಬಿದ್ದ ಕೊಂಬೆ ತಂದವನು ಇದನ್ನು ನೋಡಿ ಏನು ಕಲಿಯಬೇಕು ಅಂತ ಒಮ್ಮೆ ಯೋಚನೆ ಮಾಡಿ.

ಪಶ್ಚಿಮಘಟ್ಟವನ್ನು ಉಳಿಸುವುದು ಹೇಗೆ ಅಂತ ಮಾಧವ ಗಾಡ್ಗೀಳರ ಸಮಿತಿಯ ವರದಿ 2011ರಲ್ಲಿ ಬಂತು, ಕಸ್ತೂರಿರಂಗನ್ ಅವರದ್ದು 2013ರಲ್ಲಿ. ನಮ್ಮೂರಿನಲ್ಲಿ ಸಭೆ ನಡೆದಾಗ ನಾನೂ ಎದ್ದು ಧಿಕ್ಕಾರ ಕೂಗಿದೆ. ಹೆಂಚು ಬದಲಾಯಿಸಲೂ ಬಿಡಲ್ಲವಂತೆ, ದನ ಸಾಕಲೂ ಬಿಡಲ್ಲವಂತೆ ಅಂತ ಯಾರೋ ಹೇಳಿದ್ದರು. ವರದಿ ಓದಿದವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ. ನಮ್ಮ ಪಂಚಾಯ್ತಿಗೆ ಅದು ಕನ್ನಡದಲ್ಲಿ ಬಂದಿರಲೂ ಇಲ್ಲ. ಎಷ್ಟೋ ವರ್ಷ ಆದಮೇಲೆ ತಿಳಿಯಿತು, ಏನು ಆಗಬೇಕು ಅಂತ ಗ್ರಾಮಸಭೆಯಿಂದಲೇ ಮೇಲಕ್ಕೆ ಹೋಗಬೇಕು ಅಂತ ಗಾಡ್ಗೀಳರು ಹೇಳಿದ್ದರಂತೆ. ಅಂದರೆ ನಮ್ಮ ಮಾತು ಕೇಳಿ ಅಂದವರ ವಿರುದ್ಧ, ನಮ್ಮ ಮಾತು ಕೇಳುತ್ತಿಲ್ಲ ಅಂತ ನಾವು ಕೂಗಿದ್ದೆವು. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿಯಿತು. ಮಾರನೇ ದಿನವೇ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಕರಡು ಅಧಿಸೂಚನೆ ಕೇಂದ್ರದಿಂದ ಆರನೇ ಸಲ ಬಂತು. ರಾಜ್ಯ ಮತ್ತೆ ಬೇಡ ಅಂದಿತು. ಈ ಆಟ ಇನ್ನೂ ಎಷ್ಟು ಸಲವೋ.

ನಿಲ್ಲಿಸಲು ಆಗುವುದೇ ಇಲ್ಲ ಅಂತ ಹೇಳಬೇಡಿ. ಕುದುರೆಮುಖದ ಗಣಿ ನಿಲ್ಲುತ್ತದೆ ಅಂತ ಯಾರು ನಂಬಿದ್ದರು? 2005ರ ಕೊನೆಗೆ ನಿಂತಿತು.

ಇಷ್ಟೆಲ್ಲ ದೊಡ್ಡ ವಿಷಯ ನಿಮ್ಮ ಕೈಯಲ್ಲೂ ಇಲ್ಲ ಅಂತ ಗೊತ್ತು. ಹಾಗಾಗಿ ನನ್ನ ಕೇಳಿಕೆ ಸಣ್ಣದು. ಹಳ್ಳದ ತಲೆಗಳನ್ನು ಪಟ್ಟಿ ಮಾಡಿಸಿ.

ನಮ್ಮ ಪಂಚಾಯ್ತಿ ವ್ಯಾಪ್ತಿಯಲ್ಲಿ ನನಗೆ ಗೊತ್ತಿದ್ದ ಹಾಗೆ ಹದಿನೇಳು ಇವೆ. ಒಂದೊಂದೂ ಹತ್ತು ಗುಂಟೆಯಿಂದ ಎರಡು ಎಕರೆ. ಕೆಲವು ಬೆಟ್ಟದಲ್ಲಿ, ಕೆಲವು ಕಾನಿನಲ್ಲಿ (ದಟ್ಟ ಕಾಡಿನಲ್ಲಿ), ಎರಡು ಚೌಡಿ ಬನದಲ್ಲಿ, ಅಂದರೆ ಚೌಡಿ ದೇವಿಯ ಕಾಡಿನಲ್ಲಿ. ಚೌಡಿ ಬನದ ಎರಡರಲ್ಲಿ ಮಾತ್ರ ಈಗಲೂ ಬೇಸಿಗೆಯಲ್ಲಿ ನೀರಿದೆ, ಅಲ್ಲಿಗೆ ಜೆಸಿಬಿ ಇಳಿಸಲು ಹೆದರಿಕೆ. ಇದಕ್ಕೆ ಹೊಸ ಕಾಯ್ದೆ ಬೇಡ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಪ್ರತಿ ಪಂಚಾಯ್ತಿಗೂ ಒಂದು ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ ಮರ ನೀರಿನ ದಾಖಲೆ ಬರೆಯಬೇಕು ಅಂತ ಇದೆ. ನಮ್ಮಲ್ಲೂ ಆ ಸಮಿತಿ ಇದೆ. ಅದರಲ್ಲಿ ನಾನೇ ಸದಸ್ಯ ಅಂತ ಗೊತ್ತಾಗಿದ್ದು ಹೋದ ವರ್ಷ, ಒಂದು ಕಾಗದಕ್ಕೆ ಸಹಿ ಹಾಕುವಾಗ. ಆ ಸಮಿತಿಯನ್ನು ಎಬ್ಬಿಸಿ. ಕಂದಾಯದವರು, ಅರಣ್ಯದವರು, ಊರಿನವರು ಮೂವರೂ ಒಂದೇ ದಿನ ಒಟ್ಟಿಗೆ ನಡೆದು ಹೋಗಲಿ. ದನ ಮೇಯಿಸುವವರನ್ನೂ ಜೇನು ಕೀಳುವವರನ್ನೂ ಕರೆದುಕೊಂಡು ಹೋಗಿ, ತಲೆ ಎಲ್ಲಿದೆ ಅಂತ ನಿಜವಾಗಿ ಗೊತ್ತಿರುವುದು ಅವರಿಗೇ. ಗುರುತು ಮಾಡಿದ ಕಡೆ ಹೊಸ ತೋಟ ಬೇಡ, ಬಸಿಗಾಲುವೆ ಬೇಡ, ಅಕೇಶಿಯಾ ಬೇಡ. ಹಳ್ಳ ಅಭಿವೃದ್ಧಿ ಅಂತ ಎರಡೂ ದಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟುವುದೂ ಬೇಡ. ಹಿಂದೆ ಮೊದಲ ಮಳೆಗೆ ಹತ್ತುಮೀನು ನಮ್ಮ ಗದ್ದೆಯವರೆಗೆ ಏರಿ ಬರುತ್ತಿದ್ದವು. ಈಗ ಆ ಗೋಡೆಯ ಬುಡಕ್ಕೆ ಬಂದು ಮೂತಿ ತಾಗಿಸಿ ವಾಪಸ್ ಹೋಗುತ್ತವೆ.

ಮತ್ತೆ, ಫೋನ್ ಮಾಡಿದರೆ ಬರುವ ಒಬ್ಬರ ನಂಬರ್ ಕೊಡಿ. ಮೂರು ಇಲಾಖೆಯ ಮೂರು ನಂಬರ್ ಅಲ್ಲ. ಒಂದು.

ಒತ್ತುವರಿ ತೆರವು ಅಂತ ಬಡವರ ಗುಡಿಸಲಿನಿಂದ ಶುರು ಮಾಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಹೊಟ್ಟೆಪಾಡಿಗೆ ಅರ್ಧ ಎಕರೆ ಮಾಡಿಕೊಂಡವರಿಗೂ ನನಗೂ ವ್ಯತ್ಯಾಸ ಇದೆ. ನನಗೆ ಆ 20 ಗುಂಟೆ ಇಲ್ಲದಿದ್ದರೂ ಊಟಕ್ಕೆ ಕಡಿಮೆಯಾಗುತ್ತಿರಲಿಲ್ಲ. ಶುರು ಮಾಡುವುದಿದ್ದರೆ ನನ್ನಿಂದ ಮಾಡಿ.

ಅಲ್ಲಿ ಈಗ 260 ಅಡಿಕೆ ಮರ ಇವೆ. ಒಳ್ಳೆಯ ಫಸಲಿನಲ್ಲಿವೆ. ಬಸಿಗಾಲುವೆಯನ್ನು ಈ ಮಳೆಗಾಲಕ್ಕೆ ಮೊದಲೇ ಮುಚ್ಚಿಸುತ್ತೇನೆ. ನೀರು ನಿಂತರೆ ಅಡಿಕೆ ಬೇರು ಕೊಳೆಯುತ್ತದೆ, ಎರಡು ಮೂರು ವರ್ಷದಲ್ಲಿ ಮರಗಳು ತಾವಾಗಿಯೇ ಸೋಲುತ್ತವೆ. ಕಡಿಯುವ ಧೈರ್ಯ ನನಗಿಲ್ಲ, ಇದನ್ನು ಒಪ್ಪಿಕೊಳ್ಳುತ್ತೇನೆ. ನೆಟ್ಟ ಕೈಗೆ ಕಡಿಯಲು ಬರುವುದಿಲ್ಲ. ವಾಟೆ ತಾನಾಗಿ ಬರುತ್ತದೆ, ರಾಮಪತ್ರೆ ಗಿಡ ನಾನು ತಂದು ನೆಡುತ್ತೇನೆ. ಜೌಗು ಮತ್ತೆ ಜೌಗಾಗುತ್ತದೋ ಇಲ್ಲವೋ ನೋಡಬೇಕು. ಮನೆಯಲ್ಲಿ ಇನ್ನೂ ಪೂರ್ತಿ ಒಪ್ಪಿಗೆ ಸಿಕ್ಕಿಲ್ಲ. ಮಗಳು ಹೂಂ ಅಂದಿದ್ದಾಳೆ, ಹೆಂಡತಿ ವರ್ಷಕ್ಕೆ ಎಷ್ಟು ಕ್ವಿಂಟಾಲ್ ಹೋಗುತ್ತದೆ ಅಂತ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾಳೆ. ಕೆಳಗಿನ ಮನೆಯವರಿಗೆ ಇನ್ನೂ ಹೇಳಿಲ್ಲ. ಈ ಪತ್ರ ಓದಿ ಗೊತ್ತಾಗಲಿ.

ಒಂದೇ ಮಾತು, ನೋಡಲು ಮಳೆಗಾಲದಲ್ಲಿ ಬರಬೇಡಿ. ಅಧಿಕಾರಿಗಳು, ಮಂತ್ರಿಗಳು ಮಲೆನಾಡಿಗೆ ಬರುವುದೇ ಜೋಗ ತುಂಬಿದಾಗ. ಜುಲೈನಲ್ಲಿ ನಮ್ಮ ಬಚ್ಚಲು ನೀರು ಹೋಗುವ ಕಾಲುವೆಯೂ ನದಿಯ ಹಾಗೆ ಕಾಣುತ್ತದೆ. ಮಾರ್ಚ್ ಕೊನೆಯ ವಾರ ಬನ್ನಿ. ಜೀಪು ಬಸ್ ಸ್ಟ್ಯಾಂಡಿನವರೆಗೆ ಬರುತ್ತದೆ, ಅಲ್ಲಿಂದ ಮೇಲಕ್ಕೆ ಮುಕ್ಕಾಲು ಗಂಟೆ ನಡಿಗೆ. ಆಗ ಉಂಬಳ (ಜಿಗಣೆ) ಇರುವುದಿಲ್ಲ. ಹೈಸ್ಕೂಲಿನ ಮೇಷ್ಟ್ರಿಗೂ ಹೇಳಿದ್ದೇನೆ, ಆ ಹುಡುಗಿ ಬರುವುದಾದರೆ ಕರೆದುಕೊಂಡು ಬನ್ನಿ ಅಂತ. ಕುಡಿಯುವ ನೀರು ನಾನು ಮನೆಯಿಂದ ತರುತ್ತೇನೆ. ಆ ತಿಂಗಳು ಮೇಲೆ ಸಿಗುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಹೊಸನಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ